ಮೆಕ್ಕೆಜೋಳಕ್ಕೆ ಸುಣ್ಣ ಹಾಕಿ ಬೇಯಿಸೋದು: ಎಲೆ-ಅಡಿಕೆ ಸುಣ್ಣವೇ ಆಗುತ್ತಾ?

ರೊಟ್ಟಿ_ಹೊಸಬ
ರಾತ್ರಿ ಊಟಕ್ಕೆ ಅನ್ನ, ಚಪಾತಿ ಬಿಟ್ಟು ದಿನಾ ಮೆಕ್ಕೆಜೋಳದ ರೊಟ್ಟಿ ತಿನ್ನೋ ಯೋಚನೆ. ಮೆಕ್ಸಿಕೋದಲ್ಲಿ ಕಾಳನ್ನ ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ಆಮೇಲೆ ರುಬ್ಬುತ್ತಾರಂತೆ. ಹಾಗೆ ಮಾಡದೆ ತಿಂದರೆ ಪೆಲಾಗ್ರ ಅನ್ನೋ ಕಾಯಿಲೆ ಬರುತ್ತಂತೆ. ಇದು ನಿಜವಾ? ನಿಜವಾದ್ರೆ ನಮ್ಮ ಎಲೆ-ಅಡಿಕೆಯ ಸುಣ್ಣ ಆಗುತ್ತಾ? ಇನ್ನೊಂದು, ಇಷ್ಟೆಲ್ಲ ರಗಳೆ ಯಾಕೆ, ಹಿಟ್ಟು ಕಲೆಸುವಾಗಲೇ ಒಂದು ಚಿಟಿಕೆ ಸುಣ್ಣ ಸೇರಿಸಿದ್ರೆ ಸಾಲದಾ? ಪಂಜಾಬಿನವರು ಸುಣ್ಣ ಇಲ್ಲದೆ ತಿಂದು ಆರಾಮಾಗೇ ಇದ್ದಾರಲ್ಲ?

ಚಿಗುರೆಲೆ
ಸುಣ್ಣ ಆಯ್ತು. ಅಡಿಕೆ ಚೂರು ಯಾವಾಗ ಹಾಕ್ಬೇಕು?

ಎಸರು
ಮೊದಲು ವಿಧಾನ ಹೇಳ್ತೀನಿ, ವಾದ ಆಮೇಲೆ.

1 ಕೆ.ಜಿ. ಒಣ ಕಾಳು, 3 ಲೀಟರ್ ನೀರು, 10 ಗ್ರಾಂ ಸುಣ್ಣದ ಪುಡಿ. ಅಂದ್ರೆ ಕಾಳಿನ ತೂಕದ ನೂರಕ್ಕೆ ಒಂದು ಪಾಲು. ಚಮಚದ ಲೆಕ್ಕ ಬೇಡ, ಸುಣ್ಣದ ಪುಡಿ ತೀರಾ ಹಗುರ, ಚಮಚದಿಂದ ಚಮಚಕ್ಕೆ ವ್ಯತ್ಯಾಸ ಆಗುತ್ತೆ, ತೂಕ ಮಾಡಿ. ಸುಣ್ಣ ನೀರಲ್ಲಿ ಕದಡಿ ಕಾಳು ಹಾಕಿದ ಸ್ವಲ್ಪ ಹೊತ್ತಿಗೆ ಕಾಳು ಗಾಢ ಹಳದಿ ಆಗುತ್ತೆ, ಹೆದರಬೇಡಿ. ಸಣ್ಣ ಉರಿಯಲ್ಲಿ, ಮೇಲೆ ಗುಳ್ಳೆ ಏಳೋ ಹದದಲ್ಲಿ 30ರಿಂದ 45 ನಿಮಿಷ. ನಮ್ಮ ಕಡೆಯ ಹೈಬ್ರಿಡ್ ಕಾಳು ಗಡಸು, ಅದಕ್ಕೆ 45ರ ಹತ್ತಿರ ಹೋಗಿ. ಒಂದು ಕಾಳು ತೆಗೆದು ಬೆರಳಲ್ಲಿ ಉಜ್ಜಿದ್ರೆ ಸಿಪ್ಪೆ ಜಾರಬೇಕು, ಕತ್ತರಿಸಿದ್ರೆ ಮಧ್ಯದಲ್ಲಿ ಸೀಮೆಸುಣ್ಣದಂಥ ಸಣ್ಣ ಬಿಳಿ ಚುಕ್ಕೆ ಉಳಿದಿರಬೇಕು. ಚುಕ್ಕೆಯೂ ಮಾಯವಾಗಿದ್ರೆ ಜಾಸ್ತಿ ಬೆಂದಿದೆ, ಹಿಟ್ಟು ಅಂಟಂಟಾಗುತ್ತೆ. ಒಲೆ ಆರಿಸಿ ಮುಚ್ಚಿಟ್ಟು 8ರಿಂದ 12 ಗಂಟೆ ಬಿಡಿ. ಬೆಳಿಗ್ಗೆ ನೀರು ಚೆಲ್ಲಿ, ಎರಡು-ಮೂರು ಸಲ ತೊಳೆಯುತ್ತಾ ಉಜ್ಜಿ ಸಿಪ್ಪೆ ತೆಗೀರಿ. ಇದೇ ನಿಶ್ತಮಾಲ್. ರುಬ್ಬಿದ ಹಿಟ್ಟು ಮಾಸಾ.

ಪಾತ್ರೆ ಸ್ಟೀಲಿನದೇ ಇರಲಿ. ಅಲ್ಯೂಮಿನಿಯಂ ಪಾತ್ರೆಯನ್ನ ಸುಣ್ಣ ತಿನ್ನುತ್ತೆ, ನೀರು ಕಪ್ಪಗಾಗುತ್ತೆ, ಲೋಹ ಊಟಕ್ಕೆ ಸೇರುತ್ತೆ. ಹಳೇ ಅಲ್ಯೂಮಿನಿಯಂ ಕುಕ್ಕರಿನಲ್ಲಂತೂ ಬೇಡವೇ ಬೇಡ.

ಚಿಟಿಕೆ ಸುಣ್ಣದ ಪ್ರಶ್ನೆಗೆ ಉತ್ತರ: ಸಾಲದು. ಸುಣ್ಣದ ಜೊತೆ ಬಿಸಿಯೂ ಬೇಕು, ಗಂಟೆಗಟ್ಟಲೆ ಸಮಯವೂ ಬೇಕು. ಒಣ ಹಿಟ್ಟಿಗೆ ಬೆರೆಸಿ ಎರಡು ನಿಮಿಷ ಹೆಂಚಿನ ಮೇಲೆ ಸುಟ್ಟರೆ ಕೆಲಸ ಅರೆಬರೆ, ಸುಣ್ಣ ಮಾತ್ರ ಪೂರ್ತಿ ನಿಮ್ಮ ಬಾಯಿಗೆ.

ಹಾವೇರಿ_ಕಣ
ಮೊದಲ ಅದಕ್ಕ ಗೋವಿನಜೋಳ ಅನ್ರಿ. ಜೋಳ ಅಂದ್ರ ಬಿಳಿಜೋಳ ಅಷ್ಟ. ಮತ್ತ ಈ ಸುಣ್ಣದ ಉಸಾಬರಿ ಯಾಕ್ರೀ? ಎಸರು ಕಾಯಿಸಿ ಹಿಟ್ಟಿಗೆ ಹಾಕಿ ನಾದಿ ಬಡದ್ರ ರೊಟ್ಟಿ ಆಗ್ತೈತಿ. ಜೊತಿಗೆ ಬ್ಯಾಳಿ, ಶೇಂಗಾಚಟ್ನಿ, ಮಜ್ಜಿಗಿ ಇದ್ರ ಯಾವ ಪೆಲಾಗ್ರಾನೂ ಬರಂಗಿಲ್ಲ.

ಮೈಸೂರು_ಪಾಕಶಾಲೆ
ನಮ್ಮ ಕಡೆ ಮುಸುಕಿನ ಜೋಳ ಅಂತೀವಿ ಸ್ವಾಮಿ. ಹೆಸರಿನ ಜಗಳಕ್ಕೆ ಬೇರೆ ಎಳೆ ತೆರೀರಿ.

ಪಥ್ಯಾಪಥ್ಯ
ಹಾವೇರಿಯವರು ಹೇಳಿದ್ದು ಸರಿ, ಆದರೆ ಯಾಕೆ ಸರಿ ಅನ್ನೋದು ಮುಖ್ಯ.

ಮೆಕ್ಕೆಜೋಳದಲ್ಲಿ ನಯಾಸಿನ್ (ಬಿ3) ಇಲ್ಲವೇ ಇಲ್ಲ ಅನ್ನೋದು ತಪ್ಪು. 100 ಗ್ರಾಂ ಕಾಳಿಗೆ ಸುಮಾರು 3.5 ಮಿ.ಗ್ರಾಂ ಇದೆ. ಅದರ ಬಹುಪಾಲು ಸಿಪ್ಪೆಯ ಭಾಗದ ಸಕ್ಕರೆ ಸರಪಳಿಗಳಿಗೆ ಅಂಟಿಕೊಂಡಿರುತ್ತೆ, ನಮ್ಮ ಹೊಟ್ಟೆಗೆ ಬಿಡಿಸಿಕೊಳ್ಳೋಕೆ ಆಗಲ್ಲ. ಸುಣ್ಣದ ಬಿಸಿನೀರು ಆ ಅಂಟು ಬಿಡಿಸುತ್ತೆ. ಎರಡನೇ ದಾರಿ, ದೇಹವೇ ಟ್ರಿಪ್ಟೊಫ್ಯಾನ್ ಅನ್ನೋ ಅಮೈನೊ ಆಮ್ಲದಿಂದ ನಯಾಸಿನ್ ತಯಾರಿಸಿಕೊಳ್ಳುತ್ತೆ, 60 ಮಿ.ಗ್ರಾಂಗೆ 1 ಮಿ.ಗ್ರಾಂ ಲೆಕ್ಕದಲ್ಲಿ. ಮೆಕ್ಕೆಜೋಳದ ಪ್ರೋಟೀನಿನಲ್ಲಿ ಟ್ರಿಪ್ಟೊಫ್ಯಾನೂ ಕಡಿಮೆ. ಎರಡೂ ಬಾಗಿಲು ಒಟ್ಟಿಗೆ ಮುಚ್ಚಿದಾಗ ಪೆಲಾಗ್ರ: ಬಿಸಿಲು ಬಿದ್ದ ಕಡೆಯೆಲ್ಲ ಚರ್ಮ ಸುಟ್ಟಂತಾಗೋದು, ಕುತ್ತಿಗೆ ಸುತ್ತ ಸರ ಹಾಕಿದಂಥ ಪಟ್ಟಿ, ಭೇದಿ, ಕೊನೆಗೆ ಬುದ್ಧಿಭ್ರಮೆ.

ಬೇಳೆ, ಹಾಲು, ಮೊಟ್ಟೆ, ಮಾಂಸ ಟ್ರಿಪ್ಟೊಫ್ಯಾನ್ ಕೊಡುತ್ತವೆ. ಶೇಂಗಾದಲ್ಲಂತೂ ನಯಾಸಿನ್ನೇ 100 ಗ್ರಾಂಗೆ 12 ಮಿ.ಗ್ರಾಂ ಹತ್ತಿರ ಇದೆ. ಪಂಜಾಬಿನಲ್ಲಿ ಮಕ್ಕಿ ರೊಟ್ಟಿ ಚಳಿಗಾಲದ ಊಟ, ಜೊತೆಗೆ ಸಾಸಿವೆ ಸೊಪ್ಪು, ಬೆಣ್ಣೆ, ಲಸ್ಸಿ. ವರ್ಷದ ಉಳಿದ ದಿನ ಗೋಧಿ. ಅಲ್ಲಿ ಕಾಯಿಲೆ ಬರೋಕೆ ಕಾರಣವೇ ಇಲ್ಲ.

ಬಂದಿದ್ದು ಎಲ್ಲಿ? ಕೊಲಂಬಸ್ ನಂತರ ಯುರೋಪಿಗೆ ಕಾಳು ಬಂತು, ಸುಣ್ಣ ಹಾಕೋ ಪದ್ಧತಿ ಬರಲಿಲ್ಲ. ಸ್ಪೇನಿನ ಅಸ್ತೂರಿಯಾಸ್‌ನಲ್ಲಿ ಗಾಸ್ಪಾರ್ ಕಸಾಲ್ ಅನ್ನೋ ವೈದ್ಯ 1735ರಲ್ಲೇ ಈ ರೋಗವನ್ನ ಗುರುತಿಸಿದ. ಕುತ್ತಿಗೆಯ ಆ ಪಟ್ಟಿಗೆ ಇವತ್ತಿಗೂ ಅವನದೇ ಹೆಸರು. ಉತ್ತರ ಇಟಲಿಯಲ್ಲಿ ಪೊಲೆಂಟಾ ಅನ್ನೋ ಮೆಕ್ಕೆಜೋಳದ ಅಂಬಲಿಯನ್ನೇ ಮೂರು ಹೊತ್ತು ಉಣ್ಣುತ್ತಿದ್ದ ಕೂಲಿಗಳಿಗೆ ಬಂತು. ಪೆಲಾಗ್ರ ಅಂದ್ರೆ ಅವರ ಮಾತಲ್ಲಿ ಒರಟು ಚರ್ಮ. ಆಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ.

ಒಗ್ಗರಣೆ_ವಾದಿ
ಅಮೆರಿಕದಲ್ಲಿ ಅದನ್ನ ಸೋಂಕು ರೋಗ ಅಂತಲೇ ನಂಬಿದ್ರು. ಜೋಸೆಫ್ ಗೋಲ್ಡ್‌ಬರ್ಗರ್ ಅನ್ನೋ ವೈದ್ಯ 1915ರಲ್ಲಿ ಮಿಸಿಸಿಪಿಯ ಜೈಲಿನ ಕೈದಿಗಳಿಗೆ ಮೆಕ್ಕೆಜೋಳ ಪ್ರಧಾನ ಊಟವನ್ನೇ ಕೊಟ್ಟು ರೋಗ ತರಿಸಿ ತೋರಿಸಿದ. ಅದಕ್ಕೂ ನಂಬದಿದ್ದಾಗ ರೋಗಿಗಳ ರಕ್ತ ಚುಚ್ಚಿಸಿಕೊಂಡು, ಹಕ್ಕಳೆ ನುಂಗಿ, ಅಂಟೋ ರೋಗ ಅಲ್ಲ ಅಂತ ಸಾಧಿಸಿದ. ಕೊರತೆ ಇರೋದು ನಯಾಸಿನ್ ಅಂತ ಗೊತ್ತಾಗಿದ್ದು 1937ರಲ್ಲಿ, ಎಲ್ವೆಹಮ್ ಅನ್ನೋ ವಿಜ್ಞಾನಿಯಿಂದ. ಅಷ್ಟರಲ್ಲಿ ಗೋಲ್ಡ್‌ಬರ್ಗರ್ ತೀರಿಹೋಗಿದ್ದ.

ರೊಟ್ಟಿ_ಹೊಸಬ
ಹಾಗಾದ್ರೆ ಇದು ಹಳೇ ಕಾಲದ ಕಥೆ ತಾನೇ?

ಪಥ್ಯಾಪಥ್ಯ
ಅಷ್ಟು ಹಳೇದಲ್ಲ. 1990ರಲ್ಲಿ ಮಲಾವಿಯಲ್ಲಿದ್ದ ಮೊಜಾಂಬಿಕ್ ನಿರಾಶ್ರಿತರಲ್ಲಿ 18 ಸಾವಿರಕ್ಕೂ ಹೆಚ್ಚು ಜನಕ್ಕೆ ಪೆಲಾಗ್ರ ಬಂತು. ಅವರ ಪಡಿತರದಲ್ಲಿ ಮೆಕ್ಕೆಜೋಳದ ಜೊತೆ ಶೇಂಗಾ ಇತ್ತು. ಶೇಂಗಾ ಪೂರೈಕೆ ನಿಂತಿತು, ರೋಗ ಬಂತು. ಹಾವೇರಿಯವರ ಶೇಂಗಾಚಟ್ನಿ ಬರೀ ರುಚಿಗಲ್ಲ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಡ.

ತುಂಗಭದ್ರಾ_ದಂಡೆ
ಬಿಳಿಜೋಳ ತಿನ್ನೋರಲ್ಲೂ ಪೆಲಾಗ್ರ ಕಂಡಿತ್ತು, ಅದನ್ನ ಯಾರೂ ಹೇಳ್ತಿಲ್ಲ. 1960ರಲ್ಲಿ ಹೈದರಾಬಾದಿನ ಪೋಷಣಾ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಶ್ರೀಕಾಂತಿಯ ದಖನ್ ಪ್ರದೇಶದ ಜೋಳ ಉಣ್ಣೋ ಬಡವರ ಬಗ್ಗೆ ಬರೆದ್ರು. ಜೋಳದಲ್ಲಿ ಲ್ಯೂಸಿನ್ ಅನ್ನೋ ಅಮೈನೊ ಆಮ್ಲ ಜಾಸ್ತಿ, ಅದು ಟ್ರಿಪ್ಟೊಫ್ಯಾನಿನಿಂದ ನಯಾಸಿನ್ ಆಗೋದಕ್ಕೆ ಅಡ್ಡ ಬರುತ್ತೆ ಅಂತ ಅವರ ವಾದ.

ಹಾವೇರಿ_ಕಣ
ನಿಲ್ರಿ ನಿಲ್ರಿ. ಈಗ ನಮ್ಮ ಬಿಳಿಜೋಳಕ್ಕೂ ಕಲ್ಲು ಒಗ್ಯಾಕ ಹತ್ತಿದ್ರ್ಯಾ?

ಪಥ್ಯಾಪಥ್ಯ
ಕಲ್ಲಲ್ಲ. ಲ್ಯೂಸಿನ್ ವಾದವನ್ನ ಎಲ್ಲ ಪ್ರಯೋಗಗಳೂ ಬೆಂಬಲಿಸಲಿಲ್ಲ, ಅದರ ಬಗ್ಗೆ ದೊಡ್ಡ ಚರ್ಚೆಯೇ ನಡೀತು. ಆದರೆ ರೋಗ ಬಂದವರ ತಟ್ಟೆ ನೋಡಿ: ರೊಟ್ಟಿ, ಖಾರ, ಅಷ್ಟೇ. ಬೇಳೆಯೂ ಇಲ್ಲ, ಹಾಲೂ ಇಲ್ಲ. ರೊಟ್ಟಿ ಜೊತೆ ಹೆಸರುಕಾಳು ಪಲ್ಯ, ಪುಂಡಿಪಲ್ಯ, ಮೊಸರು, ಶೇಂಗಾಹಿಂಡಿ ಇರೋ ಊಟಕ್ಕೆ ಆ ಮಾತು ಅನ್ವಯಿಸಲ್ಲ.

ಕಾಪಿ_ಬೀಜ
ವಿಷಯಾಂತರ, ಆದ್ರೂ ಹೇಳ್ಲೇಬೇಕು: ಕಾಫಿ ಬೀಜ ಹುರಿದಾಗ ಅದರಲ್ಲಿರೋ ಟ್ರೈಗೊನೆಲ್ಲಿನ್ ಅನ್ನೋ ಪದಾರ್ಥ ಒಡೆದು ನಯಾಸಿನ್ ಆಗುತ್ತೆ. ಒಂದು ಲೋಟಕ್ಕೆ ಒಂದೆರಡು ಮಿ.ಗ್ರಾಂ ಸಿಗುತ್ತೆ, ಕಪ್ಪಗೆ ಹುರಿದಷ್ಟೂ ಜಾಸ್ತಿ. ಚಿಕೋರಿ ಬೆರೆಸಿದ್ರೆ ಆ ಪಾಲಿನಷ್ಟು ಕಮ್ಮಿ.

ಚಿಗುರೆಲೆ
ಅಂದ್ರೆ ಚಿಕೋರಿ ಹಾಕೋರಿಗೆ ಪೆಲಾಗ್ರ. ಸರಿಯಾದ ಶಿಕ್ಷೆ.

ಎಸರು
ಸುಣ್ಣದ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ, ಅದು ಅಪಾಯದ ಭಾಗ. ಬೇಕಾಗಿರೋದು ಅರಳಿದ ಸುಣ್ಣ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ನೀರು ಸೋಕಿದ್ರೆ ಕೊತಕೊತ ಕುದಿಯೋ ಸುಟ್ಟ ಕಲ್ಲುಸುಣ್ಣ ಬೇಡ. ಅದು ಕೈ ಕಣ್ಣು ಸುಡುತ್ತೆ. ಗೋಡೆಗೆ ಬಳಿಯೋದಂತೂ ಬೇಡವೇ ಬೇಡ. ಅದರಲ್ಲಿ ಸೀಸ, ಆರ್ಸೆನಿಕ್ ಇದೆಯಾ ಇಲ್ವಾ ಅಂತ ಯಾರೂ ಪರೀಕ್ಷೆ ಮಾಡಿರಲ್ಲ. ಆಹಾರ ದರ್ಜೆ ಅಂತ ಬರೆದಿರೋ ಪುಡಿ ಸಿಗುತ್ತೆ, ಅದೇ ಒಳ್ಳೇದು.

ಎಲೆ-ಅಡಿಕೆ ಸುಣ್ಣವೂ ರಾಸಾಯನಿಕವಾಗಿ ಅದೇ. ಎರಡು ತೊಡಕು: ಒಂದು, ಬಣ್ಣ-ವಾಸನೆ ಸೇರಿಸಿದ್ದು ಬೇಡ, ಬಿಳಿದು ನೋಡಿ ತಗೊಳ್ಳಿ. ಎರಡು, ಅದು ಹಸಿ ಮುದ್ದೆ, ಹೆಚ್ಚುಕಡಿಮೆ ಅರ್ಧ ನೀರೇ. ಹಾಗಾಗಿ 10 ಗ್ರಾಂ ಪುಡಿಯ ಬದಲು 20 ಗ್ರಾಂ ಮುದ್ದೆ. ಡಬ್ಬಿ ತೆರೆದಿಟ್ಟು ಒಣಗಿ ಹೋದ ಹಳೇ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಬರೀ ಸೀಮೆಸುಣ್ಣ ಆಗಿರುತ್ತೆ, ಅದರಿಂದ ಸಿಪ್ಪೆ ಬಿಡಲ್ಲ. "ಸುಣ್ಣ ಹಾಕಿದ್ರೂ ಏನೂ ಆಗಲಿಲ್ಲ" ಅನ್ನೋರು ಮೊದಲು ಡಬ್ಬಿ ನೋಡಿಕೊಳ್ಳಿ.

ಸ್ವಲ್ಪ ಜಾಸ್ತಿ ಬಿದ್ರೆ ಗಾಬರಿ ಬೇಡ, ಒಂದು ಲೀಟರ್ ನೀರಲ್ಲಿ 2 ಗ್ರಾಂಗಿಂತ ಕಡಿಮೆ ಸುಣ್ಣವಷ್ಟೇ ಕರಗುತ್ತೆ, ಉಳಿದದ್ದು ತಳದಲ್ಲಿರುತ್ತೆ. ಆದ್ರೆ ಸರಿಯಾಗಿ ತೊಳೀದಿದ್ರೆ ರೊಟ್ಟಿ ಕಹಿ, ಸಾಬೂನಿನ ಹಾಗೆ. ಚೆಲ್ಲೋ ನೀರು ತೀಕ್ಷ್ಣ ಕ್ಷಾರ, ತುಳಸಿ ಕುಂಡಕ್ಕೆ ಸುರಿಯಬೇಡಿ.

ಮೈಸೂರು_ಪಾಕಶಾಲೆ
ಅಡುಗೆ ಸೋಡಾ ಹಾಕಿದ್ರೆ?

ಎಸರು
ಸಿಪ್ಪೆ ಸ್ವಲ್ಪ ಸಡಿಲ ಆಗುತ್ತೆ. ಕ್ಯಾಲ್ಸಿಯಂ ಸಿಗಲ್ಲ, ಸೋಡಿಯಂ ಸೇರುತ್ತೆ, ಹಿಟ್ಟು ಕಟ್ಟಿಕೊಳ್ಳೋದೂ ಅಷ್ಟಕ್ಕಷ್ಟೇ. ಮಾಸಾ ಹರಿಯದೆ ತೆಳ್ಳಗೆ ತಟ್ಟೋಕೆ ಬರೋದು ಸುಣ್ಣದ ಕ್ಯಾಲ್ಸಿಯಂನಿಂದಲೇ. ಉತ್ತರ ಅಮೆರಿಕದ ಮೂಲನಿವಾಸಿ ನವಾಹೋ ಜನ ಸುಣ್ಣದ ಬದಲು ಜುನಿಪರ್ ಮರದ ಬೂದಿ ಹಾಕ್ತಾರೆ, ಅದರಲ್ಲೂ ಕ್ಯಾಲ್ಸಿಯಂ ಇದೆ. ನಿಶ್ತಮಾಲ್ ಅನ್ನೋದು ಮೆಕ್ಸಿಕೋದ ನಾವಾಟಲ್ ಭಾಷೆಯ ಮಾತು, ಅದರಲ್ಲೇ 'ನೆಶ್ತ್ಲಿ' ಅಂದ್ರೆ ಬೂದಿ.

ನೂರೆಂಟು_ಅನುಮಾನ
ದಿನಾ ಸುಣ್ಣ ತಿಂದ್ರೆ ಕಿಡ್ನಿಯಲ್ಲಿ ಕಲ್ಲು ಗ್ಯಾರಂಟಿ.

ಪಥ್ಯಾಪಥ್ಯ
ಉಲ್ಟಾ. ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್. ಊಟದ ಜೊತೆ ಹೋದ ಕ್ಯಾಲ್ಸಿಯಂ ಸೊಪ್ಪು, ಕಾಳುಗಳ ಆಕ್ಸಲೇಟನ್ನ ಕರುಳಲ್ಲೇ ಹಿಡಿದು ಹೊರಗೆ ಕಳಿಸುತ್ತೆ. ಆಹಾರದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ ಮಾಡಿದೋರಲ್ಲೇ ಕಲ್ಲು ಜಾಸ್ತಿ. ಊಟ ಬಿಟ್ಟು ಬೇರೆ ಹೊತ್ತಲ್ಲಿ ಮಾತ್ರೆ ರೂಪದಲ್ಲಿ ನುಂಗೋದು ಬೇರೆ ವಿಷಯ. ಈಗಾಗಲೇ ಕಿಡ್ನಿ ತೊಂದರೆ ಇರೋರು ವೈದ್ಯರನ್ನೇ ಕೇಳಿ. ಥೈರಾಯ್ಡ್ ಮಾತ್ರೆ ತಗೊಳ್ಳೋರು ಅದಕ್ಕೂ ಕ್ಯಾಲ್ಸಿಯಂ ಜಾಸ್ತಿ ಇರೋ ಊಟಕ್ಕೂ 4 ಗಂಟೆ ಅಂತರ ಇಡಿ, ಅದು ಮಾತ್ರೆ ಹೀರಿಕೆಗೆ ಅಡ್ಡಿ.

ಕುಚ್ಚಲು_ಗಂಜಿ
ಸುಣ್ಣ ಹಾಕಿ ನಯಾಸಿನ್ ಉಳಿಸುವುದೆಲ್ಲ ಸರಿ ಮಾರಾಯ್ರೇ, ಭತ್ತ ಬೇಯಿಸಿ ಥಯಾಮಿನ್ (ಬಿ1) ಉಳಿಸಿದ ನಮ್ಮನ್ನು ಯಾರೂ ಕೇಳುವುದಿಲ್ಲ. ಕುಚ್ಚಲಕ್ಕಿ ಎಂದರೆ ಭತ್ತವನ್ನು ಸಿಪ್ಪೆ ಸಮೇತ ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಮಿಲ್ಲಿಗೆ ಕೊಡುವುದು. ಬೇಯುವಾಗ ತವುಡಿನ ಬಿ1 ನೀರಿನೊಟ್ಟಿಗೆ ಕಾಳಿನ ಒಳಗೆ ಇಳಿಯುತ್ತದೆ. ಮತ್ತೆ ಎಷ್ಟು ಪಾಲಿಶ್ ಮಾಡಿದರೂ ಒಂದಿಷ್ಟು ಉಳಿಯುತ್ತದೆ. ಭತ್ತ ಬೇಯಿಸದೆ ಮಾಡುವ ಬೆಳ್ತಿಗೆಯಲ್ಲಿ ಹಾಗಲ್ಲ, ತವುಡು ಹೋದರೆ ಬಿ1 ಹೋಯಿತು. ಜಾವಾದಲ್ಲಿ ಐಕ್‌ಮನ್ ಎಂಬ ವೈದ್ಯ ಕೋಳಿಗಳಿಗೆ ಪಾಲಿಶ್ ಅಕ್ಕಿ ಹಾಕಿದಾಗ ಕಾಲು ಬಿದ್ದುಹೋದದ್ದು, ತವುಡು ಕೊಟ್ಟಾಗ ಎದ್ದು ನಿಂತದ್ದು, ಅದೇ ಬಿ1 ಕೊರತೆಯ ಬೆರಿಬೆರಿ. 1929ರಲ್ಲಿ ಅವನಿಗೆ ನೊಬೆಲ್ ಸಿಕ್ಕಿತು, ಕೋಳಿಗೆ ಸಿಕ್ಕಲಿಲ್ಲ.

ನೂರೆಂಟು_ಅನುಮಾನ
ಅಕ್ಕಿಯಲ್ಲಿ ಆರ್ಸೆನಿಕ್ ಇರುತ್ತಲ್ಲ?

ಕುಚ್ಚಲು_ಗಂಜಿ
ಇರುತ್ತದೆ, ಗದ್ದೆಯಲ್ಲಿ ನೀರು ನಿಲ್ಲುವುದರಿಂದ ಬೇರೆ ಧಾನ್ಯಕ್ಕಿಂತ ಜಾಸ್ತಿ. 1 ಪಾಲು ಅಕ್ಕಿಗೆ 6ರಿಂದ 10 ಪಾಲು ನೀರಿಟ್ಟು ಬೇಯಿಸಿ ಬಸಿದರೆ ನೂರಕ್ಕೆ 40ರಿಂದ 60 ಭಾಗ ಹೋಗುತ್ತದೆ.

ಒಗ್ಗರಣೆ_ವಾದಿ
ಬಸಿದ ಗಂಜಿ ತಿಳಿಯನ್ನ ಉಪ್ಪು ಹಾಕಿ ಕುಡಿದ್ರೆ ಹೋಗಿದ್ದೆಲ್ಲ ವಾಪಸ್. ಮತ್ತೆ ಬಸಿದಾಗ ಬಿ ಜೀವಸತ್ವಗಳೂ ಹೋಗ್ತವೆ. ಕೊಳವೆಬಾವಿ ನೀರಲ್ಲೇ ಆರ್ಸೆನಿಕ್ ಇದ್ರೆ, ಬಂಗಾಳದ ಹಾಗೆ, ಜಾಸ್ತಿ ನೀರಿಟ್ಟು ಲಾಭವೇ ಇಲ್ಲ. ಎಲ್ಲದಕ್ಕೂ ಒಂದೇ ಸೂತ್ರ ಹುಡುಕಬೇಡಿ.

ದೂರದೇಶಿ
ಈ ಎಳೆಯಲ್ಲೇ ರಾಜ್ಮಾ ಬಗ್ಗೆ ಕೇಳಬಹುದಾ? ಇಲ್ಲಿ ಎಲ್ಲರೂ ಬೆಳಿಗ್ಗೆ ಸ್ಲೋ ಕುಕ್ಕರಿಗೆ ಕಾಳು ಹಾಕಿ ಕೆಲಸಕ್ಕೆ ಹೋಗ್ತಾರೆ.

ಎಸರು
ರಾಜ್ಮಾಗೆ ಹಾಗೆ ಮಾಡಬಾರದು. ಕೆಂಪು ರಾಜ್ಮಾದಲ್ಲಿ ಫೈಟೊಹೀಮಗ್ಲುಟಿನಿನ್ ಅನ್ನೋ ಲೆಕ್ಟಿನ್, ಅಂದ್ರೆ ಒಂದು ವಿಷಕಾರಿ ಪ್ರೋಟೀನ್ ಇದೆ. ಹಸಿ ಕಾಳು ನಾಲ್ಕೈದು ತಿಂದರೂ 1ರಿಂದ 3 ಗಂಟೆಯಲ್ಲಿ ವಾಂತಿ, ಆಮೇಲೆ ಭೇದಿ. ಸ್ಲೋ ಕುಕ್ಕರ್ ಕುದಿಯೋ ಮಟ್ಟಕ್ಕೆ ಹೋಗದೇ ಇರಬಹುದು. 80 ಡಿಗ್ರಿವರೆಗೆ ಬರೀ ಬೆಚ್ಚಗಾದ ಕಾಳು ಹಸಿ ಕಾಳಿಗಿಂತ ಐದು ಪಟ್ಟು ವಿಷ ಆಗಬಹುದು. ತಿನ್ನೋಕೆ ಮೆತ್ತಗಿರುತ್ತೆ, ಅದೇ ಮೋಸ. 5 ಗಂಟೆಗಿಂತ ಹೆಚ್ಚು ನೆನೆಸಿ, ನೀರು ಚೆಲ್ಲಿ, ಹೊಸ ನೀರಲ್ಲಿ ಕಮ್ಮಿ ಅಂದ್ರೂ 10 ನಿಮಿಷ ಮರಳಬೇಕು. ಅಮೆರಿಕದ ಆಹಾರ ಇಲಾಖೆ 30 ನಿಮಿಷ ಅನ್ನುತ್ತೆ. ಆಮೇಲೆ ಸ್ಲೋ ಕುಕ್ಕರಿಗೆ ಹಾಕಿದ್ರೆ ಅಡ್ಡಿಯಿಲ್ಲ. ಊರಿನ ಪ್ರೆಶರ್ ಕುಕ್ಕರಿನಲ್ಲಿ ನೆನೆಸಿದ ಕಾಳು ಮೆತ್ತಗಾಗೋವರೆಗೆ ಬೇಯಿಸೋರಿಗೆ ಈ ಚಿಂತೆ ಇಲ್ಲ.

ತುಂಗಭದ್ರಾ_ದಂಡೆ
ಇದೇ ಸಾಲಿಗೆ ಮರಗೆಣಸು ಸೇರಿಸಿ. ಅದರಲ್ಲಿ ಲಿನಾಮರಿನ್ ಅನ್ನೋ ಪದಾರ್ಥ ಇದೆ, ಗೆಡ್ಡೆ ಜಜ್ಜಿದಾಗ ಸಯನೈಡ್ ಬಿಡುತ್ತೆ. ಕೇರಳದಲ್ಲಿ ತಿನ್ನೋದು ಬಹುತೇಕ ಸಿಹಿ ಜಾತಿ; ಚಿಕ್ಕದಾಗಿ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ನೀರು ಚೆಲ್ಲುತ್ತಾರೆ. ಕಾಂಗೋ, ಮೊಜಾಂಬಿಕ್ ಕಡೆ ಕಹಿ ಜಾತಿ, ಅದನ್ನ ಮೂರ್ನಾಲ್ಕು ದಿನ ನೀರಲ್ಲಿ ಹುಳಿಸಬೇಕು. ಬರ ಬಂದಾಗ ಗೆಡ್ಡೆಯಲ್ಲಿ ವಿಷ ಏರುತ್ತೆ, ಹಸಿದ ಜನ ಹುಳಿಸೋ ದಿನ ಕಮ್ಮಿ ಮಾಡ್ತಾರೆ, ಜೊತೆಗೆ ವಿಷ ಇಳಿಸೋಕೆ ಬೇಕಾದ ಪ್ರೋಟೀನೂ ಇರಲ್ಲ. ಆಗ ಬರೋ ಕಾಯಿಲೆ ಕೊಂಜೋ: ಇದ್ದಕ್ಕಿದ್ದಂತೆ ಎರಡೂ ಕಾಲು ಸೆಟೆದುಕೊಳ್ಳುತ್ತೆ, ಮತ್ತೆ ಸರಿಹೋಗಲ್ಲ. 1981ರಲ್ಲಿ ಮೊಜಾಂಬಿಕ್‌ನಲ್ಲಿ ಸಾವಿರಕ್ಕೂ ಹೆಚ್ಚು ಜನಕ್ಕೆ ಹೀಗಾಯ್ತು. ಆಸ್ಟ್ರೇಲಿಯಾದ ವಿಜ್ಞಾನಿ ಬ್ರಾಡ್‌ಬರಿ ಸುಲಭ ಉಪಾಯ ಕೊಟ್ಟರು: ಹಿಟ್ಟಿಗೆ ನೀರು ಕಲಸಿ ತೆಳ್ಳಗೆ ಹರಡಿ, ಬಿಸಿಲಲ್ಲಿ 2 ಗಂಟೆ ಇಲ್ಲಾ ನೆರಳಲ್ಲಿ 5 ಗಂಟೆ. ಸಯನೈಡ್ ಆವಿಯಾಗಿ ಹೋಗುತ್ತೆ. ಸೌದೆ ಬೇಡ, ಯಂತ್ರ ಬೇಡ.

ನೂರೆಂಟು_ಅನುಮಾನ
ಅಯ್ಯೋ, ಸೇಲಂ ಸಬ್ಬಕ್ಕಿ ಮರಗೆಣಸಿಂದೇ ಅಲ್ವಾ? ಉಪವಾಸಕ್ಕೆ ಅದೇ ತಿನ್ನೋದು!

ತುಂಗಭದ್ರಾ_ದಂಡೆ
ಅದು ತುರಿದು, ತೊಳೆದು, ತಿಳಿ ಬಸಿದು, ಹುರಿದ ಪಿಷ್ಟ. ಸಯನೈಡ್ ತೊಳೆದು ಹೋಗಿರುತ್ತೆ, ಪೋಷಕಾಂಶವೂ. ವಿಷ ಇಲ್ಲ, ಉಪವಾಸವೂ ಅಲ್ಲ.

ರೊಟ್ಟಿ_ಹೊಸಬ
ದಯವಿಟ್ಟು ಜೋಳಕ್ಕೆ ವಾಪಸ್ ಬನ್ನಿ. ನೆನೆದ ಕಾಳು ರುಬ್ಬೋದು ಹೇಗೆ? ಮಿಕ್ಸಿಯಲ್ಲಿ ತಿರುಗಲ್ಲ, ನೀರು ಹಾಕಿದ್ರೆ ದೋಸೆ ಹಿಟ್ಟು.

ಎಸರು
ಮಿಕ್ಸಿ ಬಿಸಿಯಾಗಿ ಹಿಟ್ಟು ಗೋಂದಿನ ಹಾಗಾಗುತ್ತೆ. ಗ್ರೈಂಡರಿನಲ್ಲಿ ಕಾಲು ಕೆ.ಜಿ.ಯಂತೆ, ಕಾಳಿನ ನೀರು ಪೂರ್ತಿ ಸೋರಿದ ಮೇಲೆ ಹಾಕಿ, ಚಮಚದಲ್ಲಿ ನೀರು ಚಿಮುಕಿಸ್ತಾ ರುಬ್ಬಿ. ಆದ್ರೂ ಸಡಿಲ ಆದ್ರೆ ಒಣ ಹಿಟ್ಟು ಸೇರಿಸಿ ಹದಕ್ಕೆ ತನ್ನಿ. ಉಂಡೆ ಕಟ್ಟಿ ಒತ್ತಿದಾಗ ಅಂಚು ಬಿರಿದ್ರೆ ನೀರು ಕಮ್ಮಿ, ಕೈಗೆ ಅಂಟಿದ್ರೆ ಜಾಸ್ತಿ. 30 ಗ್ರಾಂ ಉಂಡೆ, ಎರಡು ಪ್ಲಾಸ್ಟಿಕ್ ಹಾಳೆ ಮಧ್ಯೆ ಒತ್ತಿ, ಚೆನ್ನಾಗಿ ಕಾದ ಹೆಂಚಿಗೆ. ಎಣ್ಣೆ ಬೇಡ. ಮೊದಲ ಮಗ್ಗುಲು 20-30 ಸೆಕೆಂಡ್, ತಿರುವಿ ಒಂದು ನಿಮಿಷ, ಮತ್ತೆ ತಿರುವಿದಾಗ ಉಬ್ಬಬೇಕು.

ಹಾವೇರಿ_ಕಣ
ಇಷ್ಟ್ಯಾಕ ಒದ್ದಾಡ್ತೀರಿ? ತೊಳದ ಕಾಳು ಬಿಸಿಲಿಗೆ ತೆಳ್ಳಗ ಹರವಿ, ಕಟಕಟ ಅನ್ನೂ ಹಂಗ ಒಣಗಿಸಿ, ಗಿರಣಿಗೆ ಒಯ್ದು ಬೀಸಿಸ್ಕೊಂಡ್ ಬರ್ರಿ. ಮೋಡದ ದಿನ ಮಾತ್ರ ಮಾಡಬ್ಯಾಡ್ರಿ, ಒಂದು ದಿನದಾಗ ಮ್ಯಾಲ ಆರಲಿಲ್ಲಂದ್ರ ಬೂಸ್ಟ್ ಹಿಡಿತೈತಿ. ಆಮ್ಯಾಲ ಬೇಕಾದಾಗ ಬಿಸಿನೀರಾಗ ನಾದ್ಕೋರಿ, ಅರ್ಧ ತಾಸು ನೆನಿಲಿ.

ಇನ್ನೊಂದ್ ಮಾತು. ಕೋಳಿ ಆಹಾರಕ್ಕ ಅಂತ ಇಟ್ಟ ಚೀಲದ ಕಾಳು ತರಬ್ಯಾಡ್ರಿ. ಮಳಿಗೆ ನೆಂದ ಕಾಳಿನಾಗ ಬೂಸ್ಟಿನ ವಿಷ ಇರ್ತೈತಿ, ಸುಣ್ಣಕ್ಕ ಎಲ್ಲಾ ಹೋಗಂಗಿಲ್ಲ. ಗುಲಾಬಿ ಬಣ್ಣ ಹಚ್ಚಿದ್ದು ಬಿತ್ತನಿ ಬೀಜ, ಅದಕ್ಕ ಔಷಧ ಹಾಕಿರ್ತಾರ. ಎಷ್ಟ್ ತೊಳದ್ರೂ ಉಣ್ಣಾಕ ಬರಂಗಿಲ್ಲ.

ಒಗ್ಗರಣೆ_ವಾದಿ
ಸುಣ್ಣ ಬೇಡ ಅಂತ ಶುರು ಮಾಡಿದವರೇ ಈಗ ಗಿರಣಿ ದಾರಿ ತೋರಿಸ್ತಿದ್ದಾರೆ!

ಹಾವೇರಿ_ಕಣ
ಬ್ಯಾಡ ಅಂದಿಲ್ಲ, ಯಾಕ ಅಂದೆ. ಮಾಡೂದಿದ್ರ ನೆಟ್ಟಗ ಮಾಡ್ರಿ.

ರೊಟ್ಟಿ_ಹೊಸಬ
ಎಲ್ಲರಿಗೂ ಧನ್ಯವಾದ. ಕೊನೇ ಪ್ರಶ್ನೆ: ಅಂಗಡಿಯಲ್ಲಿ ಸಿಗೋ ಬಿಳಿ ಕಾರ್ನ್‌ಫ್ಲೋರ್‌ನಲ್ಲಿ ಇದೆಲ್ಲ ಆಗುತ್ತಾ?

ಮೈಸೂರು_ಪಾಕಶಾಲೆ
ಅದು ಬರೀ ಪಿಷ್ಟ. ಗೋಬಿ ಮಂಚೂರಿಗೆ ಇಟ್ಕೊಳ್ಳಿ.